ಹರಡಿನ ಕಟ್ಟು

ಮಂಗಳೂರು ಪಟ್ಟಣದ ಪಡುವಣ ಅಂಚಿನಲ್ಲಿ, ಫಲ್ಗುಣೀ ನದಿಗೂ ಹಳೆಯ ಬಂದರಕ್ಕೂ ಅನತಿದೂರದಲ್ಲಿರುವ ಕುದ್ರೋಳಿಯು, 1912ನೆಯ ಇಸವಿಯಲ್ಲಿ ಶ್ರೀ ನಾರಾಯಣಗುರುಗಳ ಹಸ್ತದಿಂದ ಪ್ರತಿಷ್ಠೆಗೊಂಡ ಗೋಕರ್ಣನಾಥೇಶ್ವರ ದೇವಾಲಯದಿಂದ ಪ್ರಸಿದ್ಧವಾಗಿರುವುದು. ನವರಾತ್ರಿಯ ಕಾಲದಲ್ಲಿ ಅಲ್ಲಿಯ ಬೀದಿಗಳಲ್ಲಿ ತಾಸೆಯ ಪೆಟ್ಟಿಗೆ ಹೆಜ್ಜೆಯಿಡುವ ಹುಲಿವೇಷದವರನ್ನು ಕಂಡವರು ಅವರ ಬಣ್ಣವನ್ನೂ ಮುಖವಾಡವನ್ನೂ ಕೊಂಡಾಡುವರೇ ಹೊರತು ಪಾದಗಳ ಕಡೆಗೆ ದೃಷ್ಟಿಯಿಡುವುದು ವಿರಳ. ಲಾಗ ಹಾಕಿ ನೆಲಕ್ಕಿಳಿಯುವಾಗಲೂ, ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಎತ್ತಿ ಹಿಂದಕ್ಕೆಸೆಯುವಾಗಲೂ, ದೇಹದ ಸಮಸ್ತ ಭಾರವನ್ನೂ ಹೊರುವುದು ಮುಷ್ಟಿಗಾತ್ರದ ಒಂದು ಸಂಧಿ. ಅದನ್ನು ಕನ್ನಡದಲ್ಲಿ ಹರಡು ಎನ್ನುವರು, ಸಂಸ್ಕೃತದಲ್ಲಿ ಗುಲ್ಫ. ಆ ದೇವಾಲಯವನ್ನು ಕಟ್ಟಿಸಿದ ಬಿಲ್ಲವ ಸಮಾಜದ ಹಿಂದಣ ಕಸುಬುಗಳಲ್ಲೊಂದಾದ ಮೂರ್ತೆಯೂ ಇದೇ ಸಂಧಿಯನ್ನು ನೆಚ್ಚಿಕೊಂಡಿದ್ದಿತು. ಪಾದಗಳಿಗೆ ಹಗ್ಗದ ಬಳೆಯನ್ನು ತೊಡಿಸಿ ತಾಳೆಯ ಮರವನ್ನೇರುವವನ ಹರಡು ಮೇಲ್ಮುಖವಾಗಿ ಚೆನ್ನಾಗಿ ಮಡಿಯದಿದ್ದರೆ ಅವನ ಜೀವನೋಪಾಯವೇ ನಿಂತುಹೋಗುವುದು. ಇನ್ನು ಮಳೆಗಾಲದಲ್ಲಿ ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲುಗಳ ಮೇಲೆ ಜಾರಿ ಬೀಳುವುದಕ್ಕೆ ಯಾವ ಕಸುಬೂ ಬೇಕಿಲ್ಲ. ಕರಾವಳಿಯ ಮನೆಮನೆಯೂ ಅದನ್ನು ಬಲ್ಲುದು.

ಇಲ್ಲಿ ಒಂದು ಭೇದವನ್ನು ಮೊದಲೇ ಹೇಳಿಬಿಡಬೇಕು. ಮರದಿಂದ ಬಿದ್ದವನಿಗೂ ಮೆಟ್ಟಿಲಲ್ಲಿ ಜಾರಿದವನಿಗೂ ಆಗುವ ಗಾಯ ಒಂದೇ ಬಗೆಯದಲ್ಲ. ಎತ್ತರದಿಂದ ನೆಟ್ಟಗೆ ಬಿದ್ದಾಗ ಹಿಮ್ಮಡಿಯ ಮೂಳೆಯೂ, ಮೊಣಕಾಲಿನ ಕೆಳಗಣ ದಪ್ಪಮೂಳೆಯ ತಳವೂ ಜಜ್ಜಿಹೋಗುವುವು. ಜಾರುವಾಗಲಾದರೋ ಪಾದವು ನೆಲಕ್ಕೆ ಅಂಟಿಕೊಂಡಿದ್ದು ಮೈ ತಿರುಗುವುದರಿಂದ ಹರಡಿನ ಎರಡು ಗೆಣ್ಣುಗಳು ಮುರಿಯುವುವು. ಮೂಳೆಗಳನ್ನು ಪರಸ್ಪರ ಬಿಗಿದಿಟ್ಟಿರುವ ಕಟ್ಟುಗಳು ಹರಿಯುವುವು. ಪ್ರಸ್ತುತ ಲೇಖನದ ವಿಷಯ ಈ ಎರಡನೆಯ ಬಗೆ. ಮೂಳೆಯ ಮುರಿತವನ್ನು ಎಲ್ಲರೂ ಬಲ್ಲರು. ಕಟ್ಟಿನ ಹರಿತವನ್ನು ಮಾತ್ರ ವೈದ್ಯರೂ ಬಹುಕಾಲ ಮರೆತಿದ್ದರು. ಆ ಮರವೆಯ ಕಾರಣವೂ, ಅದು ತಿಳಿಯಾದ ರೀತಿಯೂ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ವಿಚಿತ್ರವಾದುದು.

ಹರಡಿನ ರಚನೆ ಬಡಗಿಯ ಕೆಲಸವನ್ನು ನೆನಪಿಗೆ ತರುವುದು. ಒಂದು ಮರದಲ್ಲಿ ಕಂಡಿಯನ್ನು ಕೊರೆದು ಇನ್ನೊಂದರ ನಾಲಗೆಯನ್ನು ಅದರೊಳಗೆ ಕೂಡಿಸುವಂತೆ, ಜಂಘೆಯ ಎರಡು ಮೂಳೆಗಳು ಕೆಳತುದಿಯಲ್ಲಿ ಸೇರಿ ಕಂಡಿಯಾಗಿಯೂ, ಪಾದದ ಮೇಲ್ಗಡೆಯ ಮೂಳೆಯೊಂದು ನಾಲಗೆಯಾಗಿಯೂ ನಿಂತಿರುವುವು. ಕಂಡಿಯ ಒಳಗೋಡೆ ದಪ್ಪಮೂಳೆಯ ಗೆಣ್ಣು. ಹೊರಗೋಡೆ ಸಣ್ಣಮೂಳೆಯ ಗೆಣ್ಣು. ಬಡಗಿಯ ಕಂಡಿ ಒಂದೇ ಮರದಲ್ಲಿ ಕೊರೆದದ್ದು. ಹರಡಿನ ಕಂಡಿಯಾದರೋ ಎರಡು ಬೇರೆ ಮೂಳೆಗಳದ್ದು. ಆದುದರಿಂದ ಅವೆರಡನ್ನೂ ಬಿಗಿಯುವ ಕಟ್ಟು ಸಡಿಲಿದರೆ ಕಂಡಿಯೇ ಅಗಲವಾಗುವುದು. ಒಳಗೆಣ್ಣಿನಿಂದ ಪಾದಕ್ಕೆ ಹರಡಿಕೊಂಡಿರುವ ಮುಮ್ಮೂಲೆಯ ದಪ್ಪಕಟ್ಟು ಒಂದು. ಹೊರಗೆಣ್ಣಿನಿಂದ ಇಳಿಯುವ ಪಟ್ಟಿಗಳು ಮೂರು. ಎರಡು ಜಂಘಾಸ್ಥಿಗಳ ನಡುವಣ ಬಿಗಿತ ಬೇರೆ. ಇವುಗಳಿಂದಲೇ ಮನುಷ್ಯನು ಏರುತಗ್ಗಾದ ನೆಲದಲ್ಲಿ ನಿಲ್ಲಬಲ್ಲನು.

ಈ ಕಟ್ಟುಗಳಿಗೆ ಸುಶ್ರುತಸಂಹಿತೆಯಲ್ಲಿ ಸ್ನಾಯುಗಳೆಂದು ಹೆಸರು. ಇಂದಿನ ಕನ್ನಡದಲ್ಲಿ ಆ ಶಬ್ದವನ್ನು ಮಾಂಸಖಂಡಕ್ಕೆ ಬಳಸುವುದು ರೂಢಿಯಾಗಿಬಿಟ್ಟಿರುವುದರಿಂದ ಹಳೆಯ ಗ್ರಂಥಗಳನ್ನೋದುವವರು ದಾರಿತಪ್ಪುವುದುಂಟು. ಸುಶ್ರುತನು ಮಾಂಸಖಂಡವನ್ನು ಪೇಶಿಯೆಂದು ಕರೆದು 500 ಎಂದು ಎಣಿಸಿದನು. ಸ್ನಾಯುಗಳನ್ನು 900 ಎಂದೂ, ಸಂಧಿಗಳನ್ನು 210 ಎಂದೂ ಬೇರೆಬೇರೆಯಾಗಿ ಎಣಿಸಿದನು. ಸ್ನಾಯುಗಳಲ್ಲಿ ಕವಲೊಡೆದವು, ದುಂಡಾದವು, ಅಗಲವಾದವು, ಟೊಳ್ಳಾದವು ಎಂದು ನಾಲ್ಕು ಬಗೆ. ಕೈಕಾಲುಗಳಲ್ಲಿಯೂ ಸಂಧಿಗಳಲ್ಲಿಯೂ ಇರುವುದು ಕವಲೊಡೆದ ಬಗೆಯದು. ಒಂದೊಂದು ಕಾಲಿನ ಅಂಗಾಲು, ಕೂರ್ಚ, ಗುಲ್ಫಗಳಲ್ಲಿ ಒಟ್ಟು 30. ಈ ಎಣಿಕೆಗಳು ಇಂದಿನ ಶಾರೀರಶಾಸ್ತ್ರಕ್ಕೆ ಹೊಂದುವುದಿಲ್ಲವೆಂದು ನಗುವುದು ಸುಲಭ. ಆದರೆ ಎಣಿಕೆಯ ಬೆನ್ನಿಗೇ ಬರುವ ವಿಚಾರವು ನಗತಕ್ಕದ್ದಲ್ಲ. ಮೂಳೆಗಳಾಗಲಿ ಪೇಶಿಗಳಾಗಲಿ ಸಿರೆಗಳಾಗಲಿ ಸಂಧಿಗಳಾಗಲಿ ಕೆಟ್ಟಾಗ ಆಗುವುದಕ್ಕಿಂತ ಸ್ನಾಯುಗಳು ಕೆಟ್ಟಾಗ ಶರೀರಕ್ಕೆ ಆಗುವ ಹಾನಿಯೇ ಹೆಚ್ಚು ಎಂಬುದು ಅಲ್ಲಿಯ ಸಿದ್ಧಾಂತ. ಅದಕ್ಕೆ ಕೊಟ್ಟಿರುವ ದೃಷ್ಟಾಂತ ಹಡಗಿನದು. ಹಲಗೆಗಳನ್ನು ಅನೇಕ ಬಂಧನಗಳಿಂದ ಬಿಗಿದಾಗ ಮಾತ್ರ ದೋಣಿಯು ನೀರಿನ ಮೇಲೆ ಜನರನ್ನೂ ಭಾರವನ್ನೂ ಹೊರುವಂತೆ, ಸಂಧಿಗಳು ಸ್ನಾಯುಗಳಿಂದ ಬಿಗಿಯಲ್ಪಟ್ಟಿರುವುದರಿಂದಲೇ ಮನುಷ್ಯನು ಭಾರವನ್ನು ಸಹಿಸುವನು.

ಘಟ್ಟದ ಮೇಲಿನವರಿಗೆ ಈ ದೃಷ್ಟಾಂತವು ಕಾವ್ಯದಂತೆ ತೋರಬಹುದು. ಬಂದರದ ಬಳಿಯವರಿಗೆ ಅದು ಕಣ್ಣಾರೆ ಕಂಡ ಸಂಗತಿ. ಪಶ್ಚಿಮ ಸಮುದ್ರದ ಹಳೆಯ ಹಡಗುಗಳಿಗೆ ಕಬ್ಬಿಣದ ಮೊಳೆಗಳಿರಲಿಲ್ಲ. ತೆಂಗಿನ ನಾರಿನ ಹುರಿಯಿಂದ ಹಲಗೆಗೆ ಹಲಗೆಯನ್ನು ಹೊಲಿಯುತ್ತಿದ್ದರು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಮಂಗಳೂರನ್ನು ಕಂಡ ಇಬ್ನ್ ಬತೂತನೆಂಬ ಪ್ರವಾಸಿಯು, ಭಾರತದ ಮತ್ತು ಯಮನ್ ದೇಶದ ಹಡಗುಗಳನ್ನು ಹೀಗೆ ಹೊಲಿಯುವುದರ ಕಾರಣವನ್ನೂ ಬರೆದಿಟ್ಟಿರುವನು. ಆ ಕಡಲಿನಲ್ಲಿ ಬಂಡೆಗಳು ಬಹಳ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುವುದು. ಹುರಿಯಿಂದ ಹೊಲಿದದ್ದು ಸ್ವಲ್ಪ ಬಳುಕಿ ಉಳಿದುಕೊಳ್ಳುವುದು. ಈ ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಆರುನೂರು ವರ್ಷಗಳಿಗೂ ಮೇಲ್ಪಟ್ಟು ಕಳೆದಮೇಲೆ ಶಸ್ತ್ರವೈದ್ಯರು ಹರಡಿನ ವಿಷಯದಲ್ಲಿ ಇದೇ ವಾದವನ್ನು ಹೂಡಿದರು.

ಗುಲ್ಫವನ್ನು ಸುಶ್ರುತನು ಮರ್ಮಗಳಲ್ಲಿ ಸೇರಿಸಿ, ಅದಕ್ಕೆ ಪೆಟ್ಟಾದರೆ ಪ್ರಾಣಹಾನಿಯಿಲ್ಲ, ಆದರೆ ನೋವೂ ಪಾದದ ಸ್ತಬ್ಧತೆಯೂ ಕುಂಟುತನವೂ ಉಂಟಾಗುವುದೆಂದು ಹೇಳಿರುವನು. ಇಂದಿನ ಯಾವ ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಕುಳಿತರೂ, ಕೆಟ್ಟು ಕೂಡಿದ ಹರಡಿನವರು ಹೇಳಿಕೊಳ್ಳುವುದು ಈ ಮೂರನ್ನೇ. ಚಿಕಿತ್ಸೆಯ ಭಾಗವು ಇನ್ನೂ ಕುತೂಹಲಕರವಾಗಿರುವುದು. ಸರಿದ ಮೂಳೆಯನ್ನು ಎಳೆಯುವುದು, ಒತ್ತುವುದು, ಕೂಡಿಸುವುದು, ಕಟ್ಟುವುದು ಎಂದು ಕ್ರಮ. ಕಟ್ಟುವುದಕ್ಕೆ ಅತ್ತಿ, ಅಶ್ವತ್ಥ, ಮುತ್ತುಗ, ಆಲ, ಬಿದಿರು ಮೊದಲಾದವುಗಳ ತೊಗಟೆ ಅಥವಾ ಸೀಳುಗಳು. ಕಟ್ಟನ್ನು ಬಿಚ್ಚಿ ನೋಡುವುದು ಚಳಿಗಾಲದಲ್ಲಿ 7 ದಿನಗಳಿಗೊಮ್ಮೆ, ಸಮಶೀತೋಷ್ಣಕಾಲದಲ್ಲಿ 5 ದಿನಗಳಿಗೊಮ್ಮೆ, ಬೇಸಗೆಯಲ್ಲಿ 3 ದಿನಗಳಿಗೊಮ್ಮೆ. ಸಡಿಲವಾಗಿ ಕಟ್ಟಿದರೆ ಸಂಧಿ ನಿಲ್ಲದು, ಅತಿಯಾಗಿ ಬಿಗಿದರೆ ಬಾವೂ ನೋವೂ ಕೀವೂ ಆಗುವುದೆಂಬ ಎಚ್ಚರಿಕೆಯೂ ಇದೆ. ಜಂಘೆ ತೊಡೆಗಳು ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಕಾಲು ಅಲುಗದಂತೆ ಐದು ಗೂಟಗಳನ್ನು ನೆಟ್ಟು ಬಂಧಿಸಬೇಕು. ಅದಕ್ಕೆ ಕಪಾಟಶಯನವೆಂದು ಹೆಸರು. ಕಪಾಟವೆಂದರೆ ಬಾಗಿಲು. ಪ್ರಥಮ ವಯಸ್ಸಿನವನ ಸಂಧಿ ಒಂದು ತಿಂಗಳಲ್ಲಿ ಗಟ್ಟಿಯಾಗುವುದು, ಮಧ್ಯವಯಸ್ಸಿನವನದು ಎರಡರಲ್ಲಿ, ಮುಪ್ಪಿನವನದು ಮೂರರಲ್ಲಿ. ಕೂಡಿದಮೇಲೆ ಬಲವನ್ನು ಮರಳಿ ತರುವ ವಿಚಾರವನ್ನೂ ಗ್ರಂಥಕಾರನು ಬಿಟ್ಟಿಲ್ಲ: ಅಂಗೈ ಮುರಿದವನ ಕೈಯಲ್ಲಿ ಮೊದಲು ಮಣ್ಣಿನ ಉಂಡೆ, ಅನಂತರ ಉಪ್ಪಿನ ಹೆಂಟೆ, ಬಲಬಂದಮೇಲೆ ಕಲ್ಲು.

ಈ ವಿದ್ಯೆಯು ಕಾಲಾಂತರದಲ್ಲಿ ಪಾಠಶಾಲೆಗಳನ್ನು ಬಿಟ್ಟು ಮನೆತನಗಳಿಗೆ ಇಳಿಯಿತು. ಮುರಿದ ಮೂಳೆಯನ್ನು ಕಟ್ಟುವ ನಾಟಿವೈದ್ಯರು ತುಳುನಾಡಿನಲ್ಲಿ ಊರೂರಿಗೂ ಇದ್ದರು. ತೆಂಕಣ ಮಲೆಯಾಳದ ಕಳರಿಗಳಲ್ಲಿ ಮರ್ಮಚಿಕಿತ್ಸೆಯೂ ಎಣ್ಣೆಯ ನೀವುವಿಕೆಯೂ ಕಾದಾಟದ ಅಭ್ಯಾಸದೊಡನೆಯೇ ಬೆಳೆದವು. ಇವರನ್ನು ಕುರಿತು ಎರಡು ಅತಿರೇಕದ ಮಾತುಗಳು ಕೇಳಿಬರುವುವು: ಒಂದು ಪಕ್ಷದವರಿಗೆ ಅವರು ಋಷಿಸಮಾನರು, ಇನ್ನೊಂದು ಪಕ್ಷದವರಿಗೆ ಅಂಗಘಾತುಕರು. ಎರಡೂ ಸತ್ಯಕ್ಕೆ ದೂರ. ಕೈಬೆರಳುಗಳಿಂದ ತಡವಿ ಬಾವಿನೊಳಗಣ ಮೂಳೆಯ ನಿಲುವನ್ನು ಅರಿಯುವ ಅವರ ಸ್ಪರ್ಶಜ್ಞಾನವೂ, ರೋಗಿಯನ್ನು ಬೇಗನೆ ಅಲುಗಾಡಿಸುವ ರೂಢಿಯೂ ಗೌರವಕ್ಕೆ ಅರ್ಹವಾದವು. ಆದರೆ ಬಿದಿರಿನ ದಬ್ಬೆಗಳನ್ನು ಬಿಗಿಯಾಗಿ ಕಟ್ಟಿ ವಾರಗಟ್ಟಲೆ ಬಿಚ್ಚದೆ ಬಿಟ್ಟುದರಿಂದ ರಕ್ತಸಂಚಾರ ನಿಂತು ಪಾದವನ್ನೇ ಕಳೆದುಕೊಂಡವರೂ ಇದ್ದಾರೆ. ಸುಶ್ರುತನ ಮೂರು, ಐದು, ಏಳು ದಿನಗಳ ನಿಯಮವು ಮರೆತುಹೋದುದರ ಬೆಲೆ ಅದು.

ಐರೋಪ್ಯ ವೈದ್ಯದಲ್ಲಿ ಹರಡಿನ ಮುರಿತಕ್ಕೆ ಪಾಟ್ ಎಂಬ ಆಂಗ್ಲ ಶಸ್ತ್ರವೈದ್ಯನ ಹೆಸರು ಅಂಟಿಕೊಂಡಿರುವುದು. ಪರ್ಸಿವಲ್ ಪಾಟನು 1756ರಲ್ಲಿ ಲಂಡನ್ನಿನ ಓಲ್ಡ್ ಕೆಂಟ್ ರಸ್ತೆಯಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡನು. ಮೂಳೆಯು ಚರ್ಮವನ್ನು ಸೀಳಿ ಹೊರಬಂದಿದ್ದಿತು. ಎತ್ತಿಕೊಂಡುಹೋಗಲು ಬಂದವರನ್ನು ಆತನು ತಡೆದು, ಅಲ್ಲಿಯೇ ಒಂದು ಬಾಗಿಲನ್ನು ಕೊಂಡು ತರಿಸಿ, ಅದಕ್ಕೆ ಪಲ್ಲಕ್ಕಿಯ ದಂಡಿಗೆಗಳನ್ನು ಮೊಳೆಹೊಡೆಯಿಸಿ, ಅದರ ಮೇಲೆ ಮಲಗಿ ಮನೆಗೆ ಸಾಗಿದನೆಂದು ಆತನ ಜೀವನಚರಿತ್ರೆಯಲ್ಲಿ ಹೇಳಿರುವುದು. ಕಪಾಟಶಯನದ ಹೆಸರನ್ನೇ ಕೇಳದವನು ಕಪಾಟವನ್ನೇ ಹಾಸಿಗೆಯಾಗಿ ಮಾಡಿಕೊಂಡನು! ಕಾಲನ್ನು ಕತ್ತರಿಸುವುದೆಂದು ನಿಶ್ಚಯವಾಗಿ ಉಪಕರಣಗಳೂ ಸಿದ್ಧವಾಗಿದ್ದಾಗ, ಆತನ ಗುರು ನೌರ್ಸ್ ಬಂದು ಉಳಿಸಿನೋಡುವ ಸಲಹೆಯನ್ನಿತ್ತನು, ಕಾಲು ಉಳಿಯಿತು. ಆ ಕಾಲದಲ್ಲಿ ಚರ್ಮ ಸೀಳಿದ ಮುರಿತಕ್ಕೆ ಕಾಲನ್ನು ತೆಗೆಯುವುದೇ ವಾಡಿಕೆಯಾಗಿದ್ದುದರಿಂದ ಇದು ಸಣ್ಣ ಸಂಗತಿಯಲ್ಲ. ಆತನ ಹೆಸರಿನಿಂದ ಪ್ರಸಿದ್ಧವಾದ ಮುರಿತವು ಆತನಿಗಾದ ಮುರಿತವಲ್ಲವೆಂಬುದನ್ನು ಮಾತ್ರ ಅನೇಕರು ಅರಿಯರು. ಹಾಸಿಗೆಯ ಬಿಡುವಿನಲ್ಲಿ ಬರವಣಿಗೆಗೆ ತೊಡಗಿದ ಪಾಟನು ಮುಂದೆ ಮುರಿತಗಳನ್ನು ಕುರಿತು ಪ್ರಕಟಿಸಿದ ಪುಸ್ತಕದಲ್ಲಿ, ಸಣ್ಣಮೂಳೆಯು ಹರಡಿನಿಂದ ಎರಡು ಮೂರು ಅಂಗುಲ ಮೇಲೆ ಮುರಿದು, ಒಳಗಡೆಯ ಕಟ್ಟು ಹರಿದು, ಪಾದವು ಹೊರಕ್ಕೆ ಸರಿಯುವ ಒಂದು ಸ್ಥಿತಿಯನ್ನು ಬಣ್ಣಿಸಿದನು. ಕಣ್ಣಿಗೆ ಕಾಣುವ ಮೂಳೆಯಷ್ಟೇ ಕಾಣದ ಕಟ್ಟಿಗೂ ಆತನ ಬರವಣಿಗೆಯಲ್ಲಿ ಸ್ಥಾನವಿದ್ದಿತೆಂಬುದು ಇಲ್ಲಿ ಮುಖ್ಯ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಸಾಧನಗಳು ಒಂದರ ಮೇಲೊಂದು ಬಂದವು. 1846ರಲ್ಲಿ ಈಥರಿನ ಮೂರ್ಛೆ, 1852ರಲ್ಲಿ ಹಾಲೆಂಡಿನ ಸೈನ್ಯವೈದ್ಯ ಮಾಥೈಸನ್ ಪ್ರಕಟಿಸಿದ ಪ್ಯಾರಿಸ್ ಗಾರೆಯ ಪಟ್ಟಿ, 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಲಿಸ್ಟರನು ಗಾಡಿಯ ಚಕ್ರ ಹರಿದು ಕಾಲು ಮುರಿದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲವನ್ನು ಹಾಕಿ ಕೀವಾಗದಂತೆ ಗುಣಪಡಿಸಿದುದು. ಮಂಗಳೂರಿನಲ್ಲಿ ಕುಂಪಣಿ ಸರಕಾರದ ಆಸ್ಪತ್ರೆಯು 1848ರಲ್ಲಿ ಆರಂಭವಾಯಿತು. ಮದ್ರಾಸಿನ ಗವರ್ನರನಾಗಿದ್ದ ವೆನ್ಲಾಕ್ ಪ್ರಭುವಿನ ಹೆಸರು ಅದಕ್ಕೆ ಬಂದುದು ತರುವಾಯ. 1880ರಲ್ಲಿ ಕಂಕನಾಡಿಯ ಆಲದ ಮರದಡಿಯಲ್ಲಿ ಫಾದರ್ ಮುಲ್ಲರರು ಬಡವರಿಗೆ ಔಷಧ ಕೊಡತೊಡಗಿದರು. ಕುದ್ರೋಳಿಯಿಂದ ವೆನ್ಲಾಕ್ ಆಸ್ಪತ್ರೆಗೆ ಕಾಲುನಡಗೆಯ ದಾರಿಯಾದರೂ, ಕಾಲು ಮುರಿದವನಿಗೆ ಅದೇ ದೂರ. ಆಸ್ಪತ್ರೆಯ ಹೆಸರೇ ಭಯವನ್ನು ಹುಟ್ಟಿಸುತ್ತಿದ್ದ ಕಾಲದಲ್ಲಿ ಬಾಗಿಲ ಬಳಿಯ ನಾಟಿವೈದ್ಯನೇ ಹತ್ತಿರ.

1895ನೆಯ ನವಂಬರ 8ರಂದು ಜರ್ಮನಿಯ ರಾಂಟ್ಗೆನ್ ಪಂಡಿತನು ಕಂಡುಹಿಡಿದ ಕ್ಷಕಿರಣವು ಅಸ್ಥಿಭಂಗಚಿಕಿತ್ಸೆಯ ಸ್ವರೂಪವನ್ನೇ ಬದಲಿಸಿತು. ಅದರ ಉಪಕಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಅದು ಒಂದು ಮರವೆಯನ್ನೂ ತಂದಿತೆಂಬುದು ನಿಜ. ಕ್ಷಕಿರಣದ ಪಟದಲ್ಲಿ ಮೂಳೆ ಬೆಳ್ಳಗೆ ಕಾಣುವುದು, ಕಟ್ಟು ಕಾಣದು. ಕಂಡುದನ್ನೇ ಸತ್ಯವೆಂದು ನಂಬುವುದು ಮನುಷ್ಯಸ್ವಭಾವವಾದುದರಿಂದ, ಪಟದಲ್ಲಿ ಮೂಳೆ ನೆಟ್ಟಗಿದ್ದರೆ ಕೆಲಸ ಮುಗಿಯಿತೆಂದು ವೈದ್ಯರು ತಿಳಿದರು. ಪಾಟನ ಬೆರಳುಗಳಿಗೂ ಹಳ್ಳಿಯ ನಾಟಿವೈದ್ಯನ ಬೆರಳುಗಳಿಗೂ ತಿಳಿದಿದ್ದ ಸಡಿಲು, ಪಟವನ್ನು ಹಿಡಿದ ಕೈಗೆ ತಿಳಿಯದೆ ಹೋಯಿತು. ಗಾರೆಯ ಕಟ್ಟನ್ನು ಎರಡು ಮೂರು ತಿಂಗಳು ಬಿಡುವುದು, ಆಮೇಲೆ ಬಿಚ್ಚಿದಾಗ ಕಾಲು ಕಡ್ಡಿಯಂತೆ ಬಡವಾಗಿ ಹರಡು ಮರದಂತೆ ಬಿಗಿದಿರುವುದು, ಊರುಗೋಲು ಜೀವಮಾನದ ಸಂಗಾತಿಯಾಗುವುದು, ಇದು ಆ ಕಾಲದ ಸಾಮಾನ್ಯ ಕಥೆ.

ವಿಶ್ರಾಂತಿಯೋ ಚಲನೆಯೋ ಎಂಬ ವಿವಾದ ಇದಕ್ಕೂ ಹಳೆಯದು. ಲಿವರ್‌ಪೂಲಿನ ಹ್ಯೂ ಓವನ್ ಥಾಮಸನು ಪೂರ್ಣವೂ ದೀರ್ಘವೂ ಆದ ವಿಶ್ರಾಂತಿಯೇ ಮದ್ದೆಂದು ಸಾರಿದನು. ಅದೇ ಕಾಲದಲ್ಲಿ ಫ್ರಾನ್ಸಿನ ಲ್ಯುಕಾ ಶಾಂಪಿಯೋನಿಯೇರನು ಮುರಿದ ಅಂಗವನ್ನು ಬೇಗನೆ ನೀವಿ ಅಲುಗಿಸಬೇಕೆಂದನು. ಆಂಗ್ಲ ಅಸ್ಥಿಚಿಕಿತ್ಸೆಯ ಜನಕನೆನಿಸಿದ ಆ ಥಾಮಸನು ವೇಲ್ಸ್ ಪ್ರಾಂತದ ನಾಟಿ ಮೂಳೆವೈದ್ಯರ ಮನೆತನದವನೆಂಬುದನ್ನು ನಾಟಿವೈದ್ಯವನ್ನು ಹಳಿಯುವವರು ಒಮ್ಮೆ ನೆನೆಯುವುದೊಳ್ಳೆಯದು.

ಮರೆತ ಕಟ್ಟನ್ನು ಮತ್ತೆ ನೆನಪಿಗೆ ತಂದವನು ಡೆನ್ಮಾರ್ಕ್ ದೇಶದ ಲೌಗೆ ಹಾನ್ಸನ್. 1940ರ ದಶಕದಲ್ಲಿ ಆತನು, ಚಿಕಿತ್ಸೆಗಾಗಿ ಕತ್ತರಿಸಿ ತೆಗೆದ ಕಾಲುಗಳನ್ನು ಹಿಡಿದು, ಪಾದವನ್ನು ಬೇರೆಬೇರೆ ಭಂಗಿಗಳಲ್ಲಿಟ್ಟು ಕೈಯಿಂದಲೇ ತಿರುಚಿ, ಯಾವುದು ಮೊದಲು ಹರಿಯುವುದು, ಯಾವುದು ಅನಂತರ ಮುರಿಯುವುದು ಎಂದು ಬಿಚ್ಚಿ ನೋಡಿದನು. ಮುರಿತಕ್ಕೂ ಹರಿತಕ್ಕೂ ಒಂದು ಅನುಕ್ರಮವಿದೆಯೆಂದು ಆಗ ಗೊತ್ತಾಯಿತು. ಪಾದವು ಒಳಕ್ಕೆ ವಾಲಿದ್ದು ಹೊರಕ್ಕೆ ತಿರುಚಿದಾಗ, ಎಲ್ಲಕ್ಕೂ ಮೊದಲು ಎರಡು ಜಂಘಾಸ್ಥಿಗಳ ನಡುವಣ ಮುಂಗಟ್ಟು ಹರಿಯುವುದು, ಎರಡನೆಯದಾಗಿ ಹೊರಗೆಣ್ಣು ಓರೆಯಾಗಿ ಮುರಿಯುವುದು, ಮೂರನೆಯದಾಗಿ ಹಿಂಗಟ್ಟು, ಕಟ್ಟಕಡೆಗೆ ಒಳಗೆಣ್ಣು ಮುರಿಯುವುದು, ಇಲ್ಲವೆ ಅದು ಉಳಿದು ಮುಮ್ಮೂಲೆಯ ಕಟ್ಟು ಹರಿಯುವುದು. ಎಂದಮೇಲೆ ಪಟದಲ್ಲಿ ಕಾಣುವ ಹೊರಗೆಣ್ಣಿನ ಒಂದು ಗೆರೆಯನ್ನು ನೋಡಿ ಕಾಣದ ಕಟ್ಟುಗಳ ಸ್ಥಿತಿಯನ್ನು ಊಹಿಸಬಹುದು. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರ ಅನುಮಾನಪ್ರಮಾಣವೇ ಇದು. ಆತನ ಅನುಕ್ರಮವು ಪ್ರತಿಯೊಬ್ಬ ರೋಗಿಯಲ್ಲಿಯೂ ತಪ್ಪದೆ ಹೊಂದುವುದಿಲ್ಲವೆಂದು ಮುಂದಿನವರು ತೋರಿಸಿದರೂ, ನೋಡುವ ಕಣ್ಣನ್ನು ಬದಲಿಸಿದ ಕೀರ್ತಿ ಆತನದು.

1958ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರ ಒಂದು ಕೂಟವು ಬೀಲ್ ಎಂಬ ಪಟ್ಟಣದಲ್ಲಿ ಸಂಘವನ್ನು ಕಟ್ಟಿ, ಮುರಿದ ಮೂಳೆಯನ್ನು ತೆರೆದು, ಹಿಂದಿದ್ದಂತೆಯೇ ಕೂಡಿಸಿ, ಲೋಹದ ಪಟ್ಟಿಯಿಂದಲೂ ತಿರುಪುಗಳಿಂದಲೂ ಬಿಗಿದು, ಸಂಧಿಯನ್ನು ಬೇಗನೆ ಅಲುಗಿಸುವ ಪದ್ಧತಿಯನ್ನು ಪ್ರಚಾರಮಾಡಿತು. ದಕ್ಷಿಣ ಕನ್ನಡದಲ್ಲಿ ಆ ಹೊತ್ತಿಗೆ ಇಂತಹ ವಿದ್ಯೆಗೆ ನೆಲೆ ಸಿದ್ಧವಾಗಿದ್ದಿತು: ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1955ರಲ್ಲಿ ಮಂಗಳೂರಿಗೂ ವಿಸ್ತರಿಸಿ, ವೆನ್ಲಾಕ್ ಆಸ್ಪತ್ರೆಯು ಅದರ ವಿದ್ಯಾರ್ಥಿಗಳ ಅಭ್ಯಾಸಕ್ಷೇತ್ರವಾಯಿತು. ಇಷ್ಟು ನಿಖರವಾಗಿ ಕೂಡಿಸುವ ಅಗತ್ಯವೇನೆಂದು ಸಂಶಯಪಡುವವರಿಗೆ 1976ರಲ್ಲಿ ಅಮೆರಿಕದ ರಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬವರು ಉತ್ತರವಿತ್ತರು. ಕಂಡಿಯೊಳಗಣ ಮೂಳೆಯು ಹೊರಕ್ಕೆ 1 ಮಿಲಿಮೀಟರು ಸರಿದರೆ, ಎರಡು ಮೂಳೆಗಳು ತಾಗುವ ಕ್ಷೇತ್ರವು ಸರಾಸರಿ 42 ಶೇಕಡಾ ಕುಗ್ಗುವುದೆಂದು ಅವರ ಪ್ರಯೋಗದಲ್ಲಿ ಕಂಡಿತು. ಅದೇ ಭಾರ ಅಷ್ಟು ಕಡಿಮೆ ಜಾಗದ ಮೇಲೆ ಬಿದ್ದರೆ ಮೃದ್ವಸ್ಥಿಯು ವರ್ಷಗಳಲ್ಲಿ ಸವೆದು ಸಂಧಿವಾತವಾಗುವುದು ಆಶ್ಚರ್ಯವಲ್ಲ. ಜೋಳದ ಕಾಳಿನಷ್ಟೂ ಇಲ್ಲದ ಒಂದು ಅಂತರವು ನಡೆಯುವವನನ್ನೂ ಕುಂಟುವವನನ್ನೂ ಬೇರೆಮಾಡುವುದು.

ಮೂಳೆಯನ್ನು ಬಿಗಿಯುವ ವಿದ್ಯೆ ಕೈಸೇರಿದಮೇಲೆ ಹರಿದ ಕಟ್ಟನ್ನೂ ಹೊಲಿಯಬೇಕೇ ಎಂಬ ಪ್ರಶ್ನೆ ಎದ್ದಿತು. ಒಳಗಡೆಯ ಮುಮ್ಮೂಲೆಯ ಕಟ್ಟಿನ ವಿಷಯದಲ್ಲಿ ಇದು ಇಂದಿಗೂ ತೀರದ ವ್ಯಾಜ್ಯ. ಮೊದಲು ಅನೇಕರು ಹೊಲಿಯುತ್ತಿದ್ದರು. 1980ರ ದಶಕದಲ್ಲಿ, ಹೊರಗೆಣ್ಣನ್ನು ನಿಖರವಾಗಿ ಕೂಡಿಸಿದರೆ ಒಳಗಟ್ಟು ತಾನಾಗಿಯೇ ಮಾಯುವುದು, ಹೊಲಿದರೂ ಹೊಲಿಯದಿದ್ದರೂ ಫಲ ಸಮಾನ, ಹೊಲಿಯುವುದಕ್ಕಾಗಿ ಇನ್ನೊಂದು ಗಾಯವನ್ನು ಮಾಡುವುದು ವ್ಯರ್ಥ ಎಂಬ ಅಭಿಪ್ರಾಯ ಬಲಗೊಂಡಿತು. ಹರಿದ ಕಟ್ಟಿನ ತುಣುಕು ಸಂಧಿಯೊಳಗೆ ಸಿಕ್ಕಿ ಮೂಳೆ ಕೂಡದೆ ಹೋದಾಗ ಮಾತ್ರ ಒಳಗಡೆ ತೆರೆಯತಕ್ಕದ್ದೆಂದಾಯಿತು. 2010ರ ಈಚೆಗೆ ವಾದವು ಮತ್ತೆ ತಿರುಗಿತು. ಮೂಳೆಯೊಳಗೆ ನೆಟ್ಟು ದಾರವನ್ನು ಹಿಡಿದಿಡುವ ಸಣ್ಣ ಲಂಗರುಗಳು ಬಂದುದರಿಂದ ಹೊಲಿಗೆ ಸುಲಭವಾಯಿತು. ಸಣ್ಣಮೂಳೆಯು ಮೇಲ್ಗಡೆ ಮುರಿದು ಒಳಗಣ ತೆರವು ಬಹಳವಾಗಿ ಅಗಲಿಸಿದವರಲ್ಲಿ ಹೊಲಿದರೆ ಆ ತೆರವು ಮುಂದೆ ಅಗಲಿಸುವುದು ಕಡಿಮೆಯೆಂದು ಕೆಲವು ಪರಿಶೀಲನೆಗಳು ಹೇಳಿದವು. ಎಲ್ಲರಿಗೂ ಹೊಲಿಯಬೇಕೆಂಬ ಪಕ್ಷವಾಗಲಿ ಯಾರಿಗೂ ಬೇಡವೆಂಬ ಪಕ್ಷವಾಗಲಿ ಗೆದ್ದಿಲ್ಲ. ಮೂಳೆಯನ್ನು ಬಿಗಿದಾದಮೇಲೆ ಮೇಜಿನ ಮೇಲೆಯೇ ಪಾದವನ್ನು ತಿರುಚಿ ಕ್ಷಕಿರಣದಲ್ಲಿ ನೋಡಿ, ತೆರವು ಇನ್ನೂ ಅಗಲವಾಗುವುದಾದರೆ ಕಟ್ಟಿನ ಕಡೆಗೆ ತಿರುಗುವುದು ವಿವೇಕಿಗಳ ಮಾರ್ಗವೆಂದು ತೋರುವುದು.

ಎರಡು ಜಂಘಾಸ್ಥಿಗಳ ನಡುವಣ ಕಟ್ಟಿನ ವಿಷಯದಲ್ಲಿ ಮಾತ್ರ, ಅದು ಸಡಿಲಿದ್ದರೆ ಬಿಗಿಯಲೇಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೇಗೆ ಬಿಗಿಯುವುದೆಂಬುದೇ ವಿವಾದ. ಬಹುಕಾಲ ಲೋಹದ ತಿರುಪೇ ಸಾಧನವಾಗಿದ್ದಿತು. ಸಣ್ಣಮೂಳೆಯಿಂದ ದಪ್ಪಮೂಳೆಗೆ ಅಡ್ಡಲಾಗಿ ಒಂದೋ ಎರಡೋ ತಿರುಪುಗಳನ್ನು ಹಾಕಿ ಬಿಗಿದಿಡುವರು; ಹರಿದ ಕಟ್ಟು ಆ ರಕ್ಷಣೆಯಲ್ಲಿ ಮಾಯುವುದು. ಆದರೆ ಸ್ವಭಾವತಃ ಈ ಎರಡು ಮೂಳೆಗಳು ನಡೆಯುವಾಗ ಪರಸ್ಪರ ಸ್ವಲ್ಪ ಅಲುಗುವಂಥವು. ತಿರುಪು ಅಲುಗಗೊಡದು, ಆದುದರಿಂದ ಕೆಲವರಲ್ಲಿ ಅದು ಸಡಿಲುವುದು, ಕೆಲವರಲ್ಲಿ ಮುರಿಯುವುದು. ಮುರಿದ ತಿರುಪಿನಿಂದ ರೋಗಿಗೆ ಹಾನಿಯಾಗುವುದು ಅಪರೂಪವೆಂದೂ, ಎಲ್ಲರಲ್ಲಿಯೂ ಅದನ್ನು ತೆಗೆಯಲು ಎರಡನೆಯ ಶಸ್ತ್ರಕ್ರಿಯೆ ಬೇಡವೆಂದೂ ಈಗ ತಿಳಿದುಬಂದಿರುವುದು. ಹೊಸ ಶತಮಾನದ ಆರಂಭದಲ್ಲಿ ಇನ್ನೊಂದು ಉಪಾಯ ಬಂದಿತು: ಮೂಳೆಗಳೆರಡರಲ್ಲಿಯೂ ತೂತು ಕೊರೆದು, ಗಟ್ಟಿಯಾದ ನೂಲನ್ನು ತೂರಿಸಿ, ಎರಡು ಕಡೆಗೂ ಗುಂಡಿಗಳಂತಹ ಲೋಹದ ಬಿಲ್ಲೆಗಳನ್ನಿಟ್ಟು ಬಿಗಿಯುವುದು. ನೂಲು ಹಿಡಿದಿಡುವುದು, ಆದರೆ ಬಳುಕಗೊಡುವುದು. ನಾರ್ವೆ ದೇಶದಲ್ಲಿ 97 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ ಒಂದಕ್ಕೆ ತಿರುಪನ್ನೂ ಒಂದಕ್ಕೆ ನೂಲನ್ನೂ ಹಾಕಿ ನೋಡಿ, ಎರಡು ವರ್ಷಗಳ ಕೊನೆಗೆ ನೂಲಿನವರ ಸ್ಥಿತಿ ಮೇಲೆಂದು 2018ರಲ್ಲಿ ಪ್ರಕಟಿಸಿದರು. ಇಬ್ನ್ ಬತೂತನು ಕಂಡ ಹಡಗುಗಾರರು ಈ ಫಲಿತಾಂಶವನ್ನು ಕೇಳಿದ್ದರೆ ಬೆರಗಾಗುತ್ತಿರಲಿಲ್ಲ. ನೂಲಿನ ಸಾಧನಕ್ಕೆ ತಿರುಪಿಗಿಂತ ಬೆಲೆ ಬಹಳ ಹೆಚ್ಚೆಂಬುದನ್ನೂ ಮುಚ್ಚಿಡುವಂತಿಲ್ಲ. ಸರಿಯಾಗಿ ಕೂಡಿಸಿ ಹಾಕಿದ ಒಂದು ತಿರುಪು, ತಪ್ಪಾಗಿ ಕೂಡಿಸಿ ಹಾಕಿದ ನೂಲಿಗಿಂತ ಮೇಲು.

ಶಸ್ತ್ರಕ್ರಿಯೆಯಾದ ಬಳಿಕದ ದಿನಗಳೇ ಮನೆಯವರಿಗೆ ಕಠಿನವಾದವು. ಮೊದಲ ಎರಡು ವಾರ ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಟ್ಟು ಬಾವನ್ನು ಇಳಿಸಬೇಕು. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಆಮೇಲೆ. ಕಾಲೂರಗೊಡದೆ ಆರು ವಾರ ಕಾಯಿಸುವುದು ಹಳೆಯ ವಾಡಿಕೆ. ಆರು ವಾರವೆಂದರೆ ದಿನಗೂಲಿಯವನ ಮನೆಯಲ್ಲಿ ನಲವತ್ತೆರಡು ದಿನಗಳ ಸಂಪಾದನೆ. ಮನೆಯೊಡತಿಯದಾದರೆ ನಲವತ್ತೆರಡು ದಿನಗಳ ಅಡುಗೆ, ನೀರು, ಮಕ್ಕಳ ಪೋಷಣೆ. ಈ ಕಾರಣದಿಂದ, ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ಕೂಡಿ ನಡೆಸಿ 2024ರಲ್ಲಿ ಪ್ರಕಟವಾದ ಪರೀಕ್ಷೆಯು ಗಮನಿಸತಕ್ಕದ್ದು. ಶಸ್ತ್ರಕ್ರಿಯೆಯ ಎರಡು ವಾರಗಳ ಬಳಿಕವೇ ಕಾಲೂರಿ ನಡೆಯತೊಡಗಿದವರು, ಆರು ವಾರ ಕಾದವರಿಗಿಂತ ಯಾವ ವಿಧದಲ್ಲಿಯೂ ಹಿಂದೆ ಬೀಳಲಿಲ್ಲವೆಂದು ಅದರಲ್ಲಿ ಕಂಡುಬಂದಿತು. ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಜಂಘಾಸ್ಥಿಗಳ ನಡುವಣ ಕಟ್ಟನ್ನು ಬಿಗಿದವರಿಗೂ, ಮೂಳೆ ಟೊಳ್ಳಾದ ವೃದ್ಧರಿಗೂ, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನವನ್ನು ಕಳೆದುಕೊಂಡವರಿಗೂ ವೈದ್ಯನು ಅವಧಿಯನ್ನು ಬೇರೆಯಾಗಿಯೇ ಗೊತ್ತುಮಾಡುವನು. ಮಧುಮೇಹಿಗಳಲ್ಲಿ ಅದನ್ನು ಇಮ್ಮಡಿ ಮಾಡುವುದೂ ಉಂಟು. ವಯಸ್ಸಿಗೆ ತಕ್ಕಂತೆ ಒಂದು, ಎರಡು, ಮೂರು ತಿಂಗಳೆಂದ ಸುಶ್ರುತನು ಇಲ್ಲಿ ಅಪರಿಚಿತನಂತೆ ತೋರುವುದಿಲ್ಲ. ಬಲಗಾಲಿನ ಹರಡಾದರೆ ಮೋಟಾರು ಓಡಿಸುವುದಕ್ಕೆ ಒಂಬತ್ತು ವಾರಗಳನ್ನಾದರೂ ಬಿಡಬೇಕು. ತಡೆಗಾಲನ್ನು ಒತ್ತುವ ವೇಗವು ಅದಕ್ಕೆ ಮುಂಚೆ ಮರಳುವುದಿಲ್ಲವೆಂದು ಅಳೆದು ನೋಡಿರುವರು.

ಮೂಳೆ ಕೂಡಿದ ಮಾತ್ರಕ್ಕೆ ಹರಡು ಹಿಂದಿನಂತಾಗದು. ಕಟ್ಟುಗಳಲ್ಲಿ ಪಾದದ ನಿಲುವನ್ನು ಮಿದುಳಿಗೆ ತಿಳಿಸುವ ಜ್ಞಾನತಂತುಗಳಿವೆ. ಕಟ್ಟು ಹರಿದಾಗ ಅವೂ ಕೆಡುವುವು. ಕಣ್ಣುಮುಚ್ಚಿ ಒಂಟಿಕಾಲಿನಲ್ಲಿ ನಿಲ್ಲುವುದಕ್ಕೆ ರೋಗಿಯು ಮಗುವಿನಂತೆ ಮರಳಿ ಕಲಿಯಬೇಕಾಗುವುದು ಇದರಿಂದಲೇ. ಮೊದಲು ಕುಳಿತಲ್ಲಿಯೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಆಮೇಲೆ ಬಟ್ಟೆಯ ಪಟ್ಟಿಯನ್ನು ಪಾದಕ್ಕೆ ಹಾಕಿ ಎಳೆಯುವುದು, ಆಮೇಲೆ ಗೋಡೆ ಹಿಡಿದು ಬೆರಳ ತುದಿಯಲ್ಲಿ ನಿಲ್ಲುವುದು, ಕೊನೆಗೆ ಮೆಟ್ಟಿಲಿಳಿಯುವುದು. ಮಣ್ಣು, ಉಪ್ಪು, ಕಲ್ಲು ಎಂಬ ಕ್ರಮವೇ ಅಂಗೈಯಿಂದ ಪಾದಕ್ಕೆ ಇಳಿದಂತಾಯಿತು. ಸಂಜೆಯ ಹೊತ್ತಿನ ಬಾವು ಆರು ತಿಂಗಳು, ಕೆಲವರಲ್ಲಿ ವರ್ಷವೇ ಇರುವುದು. ಅದನ್ನು ಕಂಡು ಶಸ್ತ್ರಕ್ರಿಯೆ ಕೆಟ್ಟಿತೆಂದು ಹೆದರುವವರು ಬಹಳ.

ಐರೋಪ್ಯ ಗ್ರಂಥಗಳು ರೋಗಿಯು ನಡೆದನೇ, ಓಡಿದನೇ ಎಂದು ಕೇಳುವುವು. ಕರಾವಳಿಯ ಮನೆಯಲ್ಲಿ ಕೇಳಬೇಕಾದುದು ಇನ್ನೂ ಹೆಚ್ಚಿನದು. ಕುಕ್ಕುರುಗಾಲಿನಲ್ಲಿ ಕುಳಿತೇಳುವುದಕ್ಕೆ ಹರಡು ಮೇಲ್ಮುಖವಾಗಿ ಬಹಳ ಮಡಿಯಬೇಕು. ಸಮತಲದ ನಡಗೆಗೆ ಅದರ ಅರ್ಧದಷ್ಟೂ ಬೇಡ. ಆದುದರಿಂದ ಪಟ್ಟಣದ ಬೀದಿಯಲ್ಲಿ ಗುಣವಾದಂತೆ ತೋರುವವನು ಹಳೆಯ ಬಗೆಯ ಶೌಚಗೃಹದಲ್ಲಿಯೂ, ಮೀನು ಹೆಚ್ಚುವ ಮಣೆಯ ಮುಂದೆಯೂ, ತಾಳೆಯ ಮರದ ಬುಡದಲ್ಲಿಯೂ ಗುಣವಾಗಿಲ್ಲ. ಚಕ್ಕಳಬಕ್ಕಳ ಹಾಕಿ ಊಟಕ್ಕೆ ಕುಳಿತಾಗ ನೆಲಕ್ಕೆ ಒತ್ತುವುದು ಹೊರಗೆಣ್ಣೇ; ತೆಳುವಾದ ಚರ್ಮದ ಕೆಳಗೆ ಲೋಹದ ಪಟ್ಟಿಯಿರುವ ಜಾಗವೂ ಅದೇ. ನೆಲದ ಮೇಲೆ ಕುಳಿತು ಉಣ್ಣುವವರು, ಪೂಜೆಗೆ ಕೂರುವವರು, ನಮಾಜಿನಲ್ಲಿ ಪಾದ ಮಡಿಸಿ ಕೂರುವವರು ಆ ಒತ್ತನ್ನು ದಿನಕ್ಕೆ ಹಲವು ಸಲ ಅನುಭವಿಸುವರು. ಮೂಳೆ ಪೂರ್ಣವಾಗಿ ಕೂಡಿದಮೇಲೆ, ಸಾಮಾನ್ಯವಾಗಿ ಒಂದು ವರ್ಷ ಕಳೆದಮೇಲೆ, ಪಟ್ಟಿಯನ್ನು ತೆಗೆಯಿಸಿಕೊಳ್ಳಬಹುದು. ತೆಗೆದ ತಿರುಪುಗಳ ತೂತುಗಳು ತುಂಬುವವರೆಗೆ ಕೆಲವು ವಾರ ಲಾಗ ಹಾಕುವುದು, ಮರವೇರುವುದು, ಭಾರ ಹೊರುವುದು ಬೇಡವೆಂದು ವೈದ್ಯರು ತಡೆಯುವರು. ಶ್ರಾವಣದಲ್ಲಿ ಪಟ್ಟಿ ತೆಗೆಯಿಸಿಕೊಂಡ ಹುಲಿವೇಷದವನು ಆ ವರ್ಷದ ನವರಾತ್ರಿಯಲ್ಲಿ ತಾಸೆ ಬಾರಿಸುವವರ ಸಾಲಿನಲ್ಲಿಯೇ ನಿಲ್ಲಬೇಕಾಗುವುದು.